ಗುಮ್ಮಟದ ಪಿಸುಮಾತು

ಗುಂಜಹಳ್ಳಿ ಬಿಡುವಾಗಲೇ ಕಾಕಾ ತಕರಾರು ತೆಗೆದಿದ್ದರು. "ಒದರೋದು, ತಿರುಗಿ ಕೇಳೋದು. ಅಷ್ಟಕ್ಕ ಬಿಜಾಪುರ ತನಕ ಹೋಗಬೇಕೇನಪಾ?" ರೊಟ್ಟಿ, ಶೇಂಗಾ ಚಟ್ನಿಯ ಗಂಟನ್ನು ಮಾತ್ರ ಅವರೇ ಹಿಡಿದುಕೊಂಡರು. ದೇವದುರ್ಗ, ತಿಂಥಣಿ ಸೇತುವೆ, ತಾಳಿಕೋಟೆ ದಾಟಿ ವಿಜಯಪುರ ಮುಟ್ಟಿದೆವು.

ದೂರದಿಂದ ಪೂರ್ತಿ ಕಾಣುವ ಗೋಳಗುಮ್ಮಟ ಹತ್ತಿರ ಹೋದಂತೆ ಮರೆಯಾಗತೊಡಗುತ್ತದೆ. ಎದುರಿಗೆ ನಗಾರಖಾನೆ ಅಡ್ಡ ಬರುತ್ತದೆ. 1892ರಿಂದ ಅದೇ ವಸ್ತುಸಂಗ್ರಹಾಲಯ. ನಮ್ಮ ಮುದಗಲ್ಲ ಕೋಟೆಯ ದಾರಿ ಸೊಟ್ಟಗೆ ತಿರುಗುವುದು ದಾಳಿ ಬಂದವರ ಓಟ ಮುರಿಯಲಿಕ್ಕೆ. ಇಲ್ಲಿ ಮುರಿಯುವುದು ಕಣ್ಣಿನ ಓಟ.

ಗುಮ್ಮಟದ ಒಳಗೆ ಸುಮಾರು 1,700 ಚದರ ಮೀಟರಿನ ಹಜಾರ, ನಡುವೆ ಒಂದೇ ಒಂದು ಕಂಬವಿಲ್ಲ. ಕಟ್ಟೆಯ ಮೇಲೆ 1656ರಲ್ಲಿ ತೀರಿಕೊಂಡ ಮಹಮ್ಮದ್ ಆದಿಲ್ ಶಾಹ ಮತ್ತು ಅವನ ಮನೆಯವರ ಗೋರಿಗಳು. ಅವು ಬರೀ ಗುರುತು, ನಿಜವಾದ ಸಮಾಧಿಗಳು ಕೆಳಗಿನ ನೆಲಮಾಳಿಗೆಯಲ್ಲಿವೆ. ಸಸ್ಪೆನ್ಸ್ ಹುಟ್ಟಬೇಕಾದರೆ ಮೇಜಿನ ಕೆಳಗೆ ಬಾಂಬಿರುವುದು ನೋಡುಗನಿಗೆ ಮೊದಲೇ ಗೊತ್ತಿರಬೇಕು ಎನ್ನುತ್ತಿದ್ದ ಸಿನಿಮಾ ನಿರ್ದೇಶಕ ಹಿಚ್‌ಕಾಕ್. ನೆಲಮಾಳಿಗೆಯ ಸಂಗತಿ ತಿಳಿದ ಮೇಲೆ ನಾವಿಬ್ಬರೂ ಮೆಲ್ಲಗೆ ಹೆಜ್ಜೆ ಇಡತೊಡಗಿದೆವು.

ಆದರೆ ನಿಜವಾದ ಸಿನಿಮಾ ಇರುವುದು ಮೂಲೆಯ ಮಿನಾರಿನೊಳಗೆ. ಏಳು ಅಂತಸ್ತು, ನೂರಕ್ಕೂ ಹೆಚ್ಚು ಮೆಟ್ಟಿಲು. ಒಬ್ಬರು ಇಳಿದು ಬಂದರೆ ಹತ್ತುವವರು ಗೋಡೆಗೆ ಬೆನ್ನು ಕೊಟ್ಟು ನಿಲ್ಲಬೇಕು. ಮೆಟ್ಟಿಲು ಸವೆದು ನುಣ್ಣಗಾಗಿವೆ, ಮೊಣಕಾಲೆತ್ತರ ಬೇರೆ. ತಿರುವಿನಾಚೆ ಯಾರದೋ ಚಪ್ಪಲಿ ಸದ್ದು ಕೇಳುತ್ತದೆ, ಮುಖ ಕಾಣುವುದಿಲ್ಲ. ಅಂತಸ್ತಿಗೊಮ್ಮೆ ಕಿಟಕಿ ಸಿಕ್ಕು ಊರು ಕಂಡಿತು ಅನ್ನುವಷ್ಟರಲ್ಲಿ ಮತ್ತೆ ಕತ್ತಲು. ಕೊನೆಗೆ ಕಣ್ಣು ಕೋರೈಸುವ ಬಿಸಿಲಿನ ಮಾಳಿಗೆ, ಗುಮ್ಮಟದ ಬುಡ ಸುತ್ತಿದ ಕಲ್ಲಿನ ಕಮಲದೆಸಳು. ಮುಗಿಯಿತೆಂದುಕೊಂಡರೆ ಅಲ್ಲೊಂದು ಸಣ್ಣ ಬಾಗಿಲು, ಮತ್ತೆ ಕತ್ತಲು, ಆಮೇಲೆ ಆ ಬಯಲಿನಂಥ ಪೊಳ್ಳು. ಕೆಳಗೆ ಗೋರಿಗಳು ಬೆಂಕಿಪೊಟ್ಟಣದಷ್ಟು.

ಕಾಕಾ ಗುಮ್ಮಟದೊಳಗಿನ ದುಂಡು ಪಡಸಾಲೆ ಸುತ್ತಿ ಆಚೆ ಬದಿಗೆ ಹೋಗಿ ಕುಸಿದು ಕೂತರು. ನಡುವೆ ಸುಮಾರು 38 ಮೀಟರ್. ಗೋಡೆಗೆ ತಲೆಯಾನಿಸಿ ತಮ್ಮಷ್ಟಕ್ಕೆ ಗೊಣಗಿದರು: "ಯವ್ವಾ, ಮೊಣಕಾಲು ಹೋತಲ್ಲ." ಮಾತು ನನ್ನ ಕಿವಿಯಲ್ಲೇ ಆಡಿದಂತಾಯಿತು. ಬೆಚ್ಚಿ ಹಿಂದೆ ತಿರುಗಿದೆ. ಯಾರೂ ಇರಲಿಲ್ಲ. ದುಂಡು ಗೋಡೆಗೆ ಅಂಟಿಕೊಂಡು ಸಾಗುವ ದನಿಯ ಆಟವಿದು ಎಂದು ಓದಿ ಬಂದಿದ್ದೆ. ಆದರೂ ತೋಳಿನ ಮೇಲೆ ಮುಳ್ಳೆದ್ದಿತ್ತು.

ಈ ಗುಮ್ಮಟವನ್ನು ಕಟ್ಟಿದವನು ದಾಬೂಲದ ಯಾಕೂತ್ ಎನ್ನುತ್ತಾರೆ. ಪಿಸುಮಾತು ಅವನ ಲೆಕ್ಕದಲ್ಲಿತ್ತೋ ಇಲ್ಲವೋ, ಬೆಳಕನ್ನು ಕೊಟ್ಟು ಕಸಿಯುವ ಆ ಮೆಟ್ಟಿಲನ್ನು ಮಾತ್ರ ಪಕ್ಕಾ ಲೆಕ್ಕ ಹಾಕಿಯೇ ಕಟ್ಟಿದ್ದಾನೆಂದು ನನ್ನ ವಾದ.

ಅಷ್ಟರಲ್ಲಿ ಶಾಲಾ ಮಕ್ಕಳ ದಂಡು ಬಂತು. ಶಿಳ್ಳೆ, ಕೂಗು, ಚಪ್ಪಾಳೆ; ಒಂದೊಂದೂ ಏಳೇಳು ಸಲ. ಸಸ್ಪೆನ್ಸ್ ಅಲ್ಲಿಗೆ ಖತಂ. ನೀವು ಹೋಗುವುದಾದರೆ ಬೆಳಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಹೋಗಿ, ಪ್ರವಾಸದ ಬಸ್ಸುಗಳು ಬರುವ ಮೊದಲೇ ಮೇಲೆ ಹತ್ತಿಬಿಡಿ.