ಅಗ್ನಿಮಾಂದ್ಯಕ್ಕೆ ಚೀನೀ ಚಿಕಿತ್ಸೆ: ಸೂಜಿ, ಕಾವು, ಕಷಾಯ

ಹಸಿವು ದೇಹಕ್ಕೊಂದು ಭಾಗ್ಯ. ಅದು ಕೆಟ್ಟಾಗಲೇ ಬೆಲೆ ತಿಳಿಯುವುದು. ಅರವತ್ತು ದಾಟಿದ ನಮಗೆ ಕೆಲವು ವರ್ಷಗಳಿಂದ ಅಗ್ನಿಮಾಂದ್ಯದ ಬಾಧೆಯಿದೆ. ಅರ್ಧ ಮುದ್ದೆ ಉಂಡರೂ ಹೊಟ್ಟೆ ಬಿಗಿಯುತ್ತದೆ. ಕಂದಿಕೆರೆಯ ತೋಟದ ಮನೆಗಳಲ್ಲಿಯೂ ಇಂತಹ ಹಿರಿಯರಿದ್ದಾರೆ. ಜೀರಿಗೆ, ಇಂಗು, ಶುಂಠಿಗಳಿಗೆ ಬಗ್ಗದಾಗ ಅವರು, "ಚೀನೀ ವೈದ್ಯ ಹೇಗೆ ಶಾಸ್ತ್ರಿಗಳೇ?" ಎಂದು ಕೇಳುವುದುಂಟು.

ಚೀನೀ ವೈದ್ಯರು ಅಜೀರ್ಣವೆಲ್ಲ ಒಂದೇ ಎನ್ನುವುದಿಲ್ಲ. ಉಂಡದ್ದು ತಂಗಿ ಬಂದದ್ದು, ಶೀತದಿಂದ ಜಠರ ಸೋತು ಬಂದದ್ದು, ಚಿಂತೆ ಕೋಪಗಳಿಂದ ಬಂದದ್ದು ಎಂದು ವಿಂಗಡಿಸುತ್ತಾರೆ. ಆಯುರ್ವೇದದ ಜಠರಾಗ್ನಿಯ ವಿಚಾರ ಬಲ್ಲವರಿಗೆ ಇದು ಅಪರಿಚಿತವೆನಿಸದು.

ಮೊದಲನೆಯದು ಸೂಜಿ. 1938ರಲ್ಲಿ ಡಾ. ಕೋಟ್ನಿಸರೊಡನೆ ಚೀನಾಕ್ಕೆ ತೆರಳಿದ್ದ ಡಾ. ಬಿಜಯ್ ಕುಮಾರ್ ಬಸು ಅವರು ಮುಂದೆ ಮತ್ತೆ ಅಲ್ಲಿಗೆ ಹೋಗಿ ಈ ವಿದ್ಯೆಯನ್ನು ಕಲಿತು, 1959ರಲ್ಲಿ ಕಲ್ಕತ್ತೆಗೆ ತಂದರು. ಮೊಣಕಾಲ ಚಿಪ್ಪಿನ ಕೆಳಗೆ ನಾಲ್ಕು ಬೆರಳಂತರದಲ್ಲಿ, ಹೊರಮಗ್ಗುಲಿಗಿರುವ 'ಜು ಸಾನ್ ಲಿ' ಹೊಟ್ಟೆಯ ರೋಗಗಳಿಗೆ ಮುಖ್ಯ ಸ್ಥಾನ. ಚೀನಾದಲ್ಲಿ 278 ರೋಗಿಗಳ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, 4 ವಾರಗಳಲ್ಲಿ 12 ಸಲ ಸೂಜಿ ಹಾಕಿಸಿಕೊಂಡವರಲ್ಲಿ ನೂರಕ್ಕೆ ಸುಮಾರು 83 ಮಂದಿಗೆ ಸುಧಾರಣೆ ಕಂಡಿತು. ಆದರೆ ಹೆಸರಿಗೆ ಮಾತ್ರ ಸೂಜಿ ಚುಚ್ಚಿಸಿಕೊಂಡವರಲ್ಲಿಯೂ ಅರ್ಧದಷ್ಟು ಮಂದಿ ಸುಧಾರಿಸಿದರೆಂಬುದನ್ನು ಮರೆಯಬಾರದು.

ಎರಡನೆಯದು ಕಾವು. ನಮ್ಮ ದವನದ ಕುಲಕ್ಕೆ ಸೇರಿದ ಗಿಡದ ಒಣ ಎಲೆಯ ಬತ್ತಿಯನ್ನು ಉರಿಸಿ, ಚರ್ಮಕ್ಕೆ ತಾಗದಂತೆ ಶಾಖ ಕೊಡುತ್ತಾರೆ. ಶೀತಪ್ರಕೃತಿಯವರಿಗೆ ಇದು ಹಿತವೆನ್ನುತ್ತಾರೆ. ಸಕ್ಕರೆ ಕಾಯಿಲೆಯಿಂದ ಕಾಲು ಜೋಮು ಹಿಡಿದವರಿಗೆ ಸುಟ್ಟದ್ದು ತಿಳಿಯದು, ಅವರಿಗೆ ಬೇಡ.

ಮೂರನೆಯದು ಕಷಾಯ. ಕಿತ್ತಳೆಯ ಒಣಸಿಪ್ಪೆ, ಜ್ಯೇಷ್ಠಮಧು, ಶುಂಠಿ ನಮಗೂ ಪರಿಚಿತವೇ. ಆದರೆ ಜ್ಯೇಷ್ಠಮಧುವನ್ನು ಬಹುಕಾಲ ಹೆಚ್ಚಾಗಿ ಸೇವಿಸಿದರೆ ರಕ್ತದೊತ್ತಡ ಏರುತ್ತದೆ. 1990ರ ದಶಕದ ಆರಂಭದಲ್ಲಿ ಬೆಲ್ಜಿಯಂ ದೇಶದಲ್ಲಿ, ತೂಕ ಇಳಿಸುವ ಗುಳಿಗೆಗೆ ಒಂದು ಚೀನೀ ಮೂಲಿಕೆಯ ಬದಲು ಇನ್ನೊಂದು ಸೇರಿದ್ದರಿಂದ ಅನೇಕ ಸ್ತ್ರೀಯರ ಮೂತ್ರಪಿಂಡಗಳೇ ಕೆಟ್ಟವು. ಆದುದರಿಂದ ಒಳಗಿರುವುದೇನೆಂದು ತಿಳಿಯದ ಪುಡಿಯ ಪೊಟ್ಟಣ ಸರ್ವಥಾ ಸಲ್ಲದು.

ಮೂರರಲ್ಲಿ ನಾವು ಆರಿಸಿದ್ದು ಸೂಜಿಯನ್ನು. ಅದೂ ದೊಡ್ಡಾಸ್ಪತ್ರೆಯಲ್ಲಿ ಕೊಳವೆ ಇಳಿಸಿ ನೋಡಿ, ಹುಣ್ಣಿಲ್ಲವೆಂದು ಖಚಿತವಾದ ಬಳಿಕ. ಬಿಗಿತ ತಗ್ಗಿದೆ, ಪೂರ್ತಿ ಹೋಗಿಲ್ಲ.

ಪ್ರಸಾದವನ್ನು ಬಿಡಬಾರದೆಂದು ನಮ್ಮ ಹಿರಿಯರು ಸಂಕಟ ನುಂಗಿಕೊಂಡು ಉಣ್ಣುತ್ತಾರೆ, ಬಾಯಿಬಿಟ್ಟು ಹೇಳುವುದಿಲ್ಲ. ಮೈ ಸೊರಗಿದರೆ, ಮಲ ಕಪ್ಪಾದರೆ, ತುತ್ತು ಇಳಿಯದಿದ್ದರೆ, ಪದೇ ಪದೇ ವಾಂತಿಯಾದರೆ, ಸೂಜಿಯೂ ಬೇಡ, ಕಷಾಯವೂ ಬೇಡ. ತಡಮಾಡದೆ ವೈದ್ಯರಲ್ಲಿಗೆ ಕರೆದೊಯ್ಯಿರಿ. ಮಕ್ಕಳು ಸೊಸೆಯಂದಿರು ಹಿರಿಯರ ಎಡೆಗೆ ಕಡಿಮೆ ಬಡಿಸಿ, ಅವರ ಮುಖವನ್ನು ಕೊಂಚ ಹೆಚ್ಚು ಗಮನಿಸಲಿ. ಇದು ನಮ್ಮ ಬಿನ್ನಹ.