ಎಸ್.ಪಿ. ರಸ್ತೆಯಲ್ಲಿ ಹಾರ್ಡ್ ಡಿಸ್ಕ್ ಕೊಳ್ಳುವ ಮುನ್ನ

ಪಠ್ಯಪುಸ್ತಕಕ್ಕೆ ಅವೆನ್ಯೂ ರಸ್ತೆ, ಕಾರಿನ ಬಿಡಿಭಾಗಕ್ಕೆ ಜೆ.ಸಿ. ರಸ್ತೆ, ಕಂಪ್ಯೂಟರಿಗೆ ಎಸ್.ಪಿ. ರಸ್ತೆ. ಬೆಂಗಳೂರು ಪೇಟೆಯ ಈ ಹಂಚಿಕೆಯನ್ನು ಅರಿಯದ ಇಂಜಿನಿಯರಿಂಗ್ ವಿದ್ಯಾರ್ಥಿ ಸಿಗುವುದು ಕಷ್ಟ. ಪುರಭವನದಿಂದ ನಡೆದೇ ಹೋಗಬಹುದಾದ ಈ ರಸ್ತೆಯಲ್ಲಿ ತಲೆ ಎತ್ತಿದರೆ ವೈರುಗಳು, ತಲೆ ತಗ್ಗಿಸಿದರೆ ಕೀಬೋರ್ಡಿನ ರಾಶಿ. ಮೆಟ್ಟಿಲ ಸಂದಿಯಲ್ಲೂ ಒಂದು ಅಂಗಡಿ. ಕಾಲೇಜು ಶುರುವಾಗುವ ದಿನಗಳಲ್ಲಿ ಮಕ್ಕಳ ಹಿಂದೆ ತಂದೆತಾಯಿಯರೂ ಬರುತ್ತಾರೆ. ಅವರ ಪ್ರಶ್ನೆ ಮಿಕ್ಸಿ ಕೊಳ್ಳುವಾಗ ಕೇಳುವಂಥದ್ದೇ: "ಯಾವ ಕಂಪನಿಯದು ಒಳ್ಳೇದಪ್ಪಾ?"

ಅಂಗಡಿಯವನು ತನ್ನಲ್ಲಿರುವ ಕಂಪನಿಯ ಹೆಸರು ಹೇಳುತ್ತಾನೆ. ಅದರಲ್ಲಿ ಅವನ ತಪ್ಪೇನೂ ಇಲ್ಲ. ಪ್ರಶ್ನೆಯೇ ಸ್ವಲ್ಪ ಸೊಟ್ಟಗಿದೆ.

ಒಂದು ಕಾಲದಲ್ಲಿ ಹತ್ತಾರು ಕಂಪನಿಗಳು ಹಾರ್ಡ್ ಡಿಸ್ಕ್ ಮಾಡುತ್ತಿದ್ದವು. ಕಾನರ್ 1996ರಲ್ಲಿ ಸೀಗೇಟಿನೊಳಗೆ ಸೇರಿತು. ಕ್ವಾಂಟಮ್‌ನ ಡಿಸ್ಕ್ ವಿಭಾಗ 2001ರಲ್ಲಿ ಮ್ಯಾಕ್ಸ್‌ಟರ್‌ಗೆ ಹೋಯಿತು. ಆ ಮ್ಯಾಕ್ಸ್‌ಟರ್ 2006ರಲ್ಲಿ ಸೀಗೇಟಿನ ಪಾಲಾಯಿತು. ಈಗ ಉಳಿದವರು ಮೂವರೇ: ಸೀಗೇಟ್, ವೆಸ್ಟರ್ನ್ ಡಿಜಿಟಲ್, ತೋಷಿಬಾ. ಇನ್ನು ಡೆಸ್ಕ್‌ಸ್ಟಾರ್ ಎಂಬ ಹೆಸರಿನ ಕಥೆ ಕೇಳಿ. 2000ದ ಸುಮಾರಿಗೆ ಐಬಿಎಂ ತಂದ ಡೆಸ್ಕ್‌ಸ್ಟಾರ್ 75ಜಿಎಕ್ಸ್‌ಪಿ ಎಷ್ಟು ಕೆಟ್ಟಿತೆಂದರೆ, ಜನ ಅದನ್ನು ಡೆತ್‌ಸ್ಟಾರ್ ಎಂದು ಕರೆದರು. ಅಮೆರಿಕದಲ್ಲಿ ಮೊಕದ್ದಮೆಯೂ ಆಯಿತು. 2003ರಲ್ಲಿ ಆ ವಿಭಾಗ ಹಿಟಾಚಿಯ ಕೈಸೇರಿತು. ಮುಂದೆ, ಸಾವಿರಾರು ಡಿಸ್ಕುಗಳನ್ನು ಹಗಲಿರುಳು ಓಡಿಸಿ ಲೆಕ್ಕ ಪ್ರಕಟಿಸುವ ಅಮೆರಿಕದ ಬ್ಯಾಕ್‌ಬ್ಲೇಜ್ ಕಂಪನಿಯ ಪಟ್ಟಿಯಲ್ಲಿ, ಅತಿ ಕಡಿಮೆ ಕೆಟ್ಟವುಗಳ ಸಾಲಿನಲ್ಲಿ ಅದೇ ಡೆಸ್ಕ್‌ಸ್ಟಾರ್ ಹೆಸರಿತ್ತು! ಅದೇ ಪಟ್ಟಿಯಲ್ಲಿ ಸೀಗೇಟಿನ 3 ಟೆರಾಬೈಟ್‌ನ ಒಂದು ಮಾದರಿ ಬಹಳ ಕೆಟ್ಟಿತು. ಅದೇ ಕಂಪನಿಯ 4 ಟೆರಾಬೈಟ್ ಮಾದರಿ ಅದಕ್ಕಿಂತ ಎಷ್ಟೋ ಚೆನ್ನಾಗಿ ಬಾಳಿತು. ಕೇಳಬೇಕಾದ್ದು ಕಂಪನಿಯನ್ನಲ್ಲ, ಮಾದರಿಯ ಸಂಖ್ಯೆಯನ್ನು.

ಸದ್ದಿನ ವಿಷಯ ವಿದ್ಯಾರ್ಥಿಗಳಿಗೆ ಹೆಚ್ಚು ಸ್ವಾರಸ್ಯದ್ದು. ನಿಮಿಷಕ್ಕೆ 7200 ಸುತ್ತು ಎಂದರೆ ಸೆಕೆಂಡಿಗೆ 120. ಹಾಗಾಗಿ ಗುಂಯ್ ಎನ್ನುವ ಆ ಸದ್ದಿನ ಮೂಲ ಆವೃತ್ತಿ 120 ಹರ್ಟ್ಸ್. 5400 ಸುತ್ತಿನದಾದರೆ 90. ಡೆಸ್ಕ್‌ಟಾಪ್ ಡಿಸ್ಕಿನ ತಟ್ಟೆಯ ವ್ಯಾಸ ಸುಮಾರು 9.5 ಸೆಂಟಿಮೀಟರ್. ಲೆಕ್ಕ ಹಾಕಿ ನೋಡಿ, ಅದರ ಅಂಚು ಗಂಟೆಗೆ ಸುಮಾರು 129 ಕಿಲೋಮೀಟರ್ ವೇಗದಲ್ಲಿ ಓಡುತ್ತಿರುತ್ತದೆ! ಹಿಂದೆ ಗುಂಡುಗಳ ಬೇರಿಂಗ್ ಇದ್ದಾಗ ಕಿರುಗುಟ್ಟುವಿಕೆ ಜಾಸ್ತಿ. ಎಣ್ಣೆಪದರದ ಮೇಲೆ ತಿರುಗುವ ಬೇರಿಂಗ್ ಬಂದ ಮೇಲೆ, 2001ರ ಸೀಗೇಟ್ ಬರಾಕುಡಾದಂಥ ಡಿಸ್ಕುಗಳು ತಣ್ಣಗೆ ಕೆಲಸ ಮಾಡತೊಡಗಿದವು. ಈಗ ಎಲ್ಲರದ್ದೂ ಅದೇ ಬಗೆ. ಆದರೂ ನಿಮ್ಮ ಮನೆಯ ಡಿಸ್ಕ್ ಗದ್ದಲ ಮಾಡಿದರೆ, ಶ್ರುತಿಕವೆಯನ್ನು ಮೀಟಿ ಮೇಜಿಗೆ ಒತ್ತಿದಾಗ ಏನಾಯಿತೆಂದು ನೆನಪಿಸಿಕೊಳ್ಳಿ. ಕ್ಯಾಬಿನೆಟ್ಟಿನ ತೆಳು ತಗಡೇ ಆ ಮೇಜು. ಸ್ಕ್ರೂ ಬಿಗಿ ಮಾಡಿ, ನಡುವೆ ರಬ್ಬರಿನ ವಾಷರ್ ಕೊಟ್ಟರೆ ಅರ್ಧ ಗದ್ದಲ ಅಲ್ಲೇ ಅಡಗುತ್ತದೆ.

ವೇಗಕ್ಕೂ ಸುತ್ತೇ ಮೂಲ. ಬೇಕಾದ ಜಾಗ ಹೆಡ್ಡಿನ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು: 7200ಕ್ಕೆ 4.17 ಮಿಲಿಸೆಕೆಂಡ್, 5400ಕ್ಕೆ 5.56. ತಿರುಗುವ ಭಾಗವೇ ಇಲ್ಲದ ಎಸ್‌ಎಸ್‌ಡಿಗೆ ಈ ಕಾಯುವಿಕೆ ಇಲ್ಲ. ಕಂಪ್ಯೂಟರ್ ಬೇಗ ಏಳಬೇಕೆಂದರೆ ಎಸ್‌ಎಸ್‌ಡಿ ಹಾಕಿಸಿ, ಚರ್ಚೆ ಬೇಡ. ಹಾರ್ಡ್ ಡಿಸ್ಕಿನಲ್ಲಿ ಎಸ್‌ಎಂಆರ್ ಎಂಬ ಬಗೆಯೊಂದಿದೆ. ಮಂಗಳೂರು ಹೆಂಚಿನಂತೆ ಒಂದರ ಅಂಚಿನ ಮೇಲೊಂದು ಸಾಲು ಬರೆದು ಜಾಗ ಉಳಿಸುವುದು ಅದರ ಉಪಾಯ. ನಡುವಿನ ಹೆಂಚು ಬದಲಿಸಬೇಕಾದರೆ ಮೇಲಿನವನ್ನೂ ಎತ್ತಬೇಕಲ್ಲ? ಹಾಗೇ ಇಲ್ಲೂ ಮತ್ತೆ ಮತ್ತೆ ಬರೆಯುವ ಕೆಲಸ ನಿಧಾನ. ಕೆಲವು ಮಾದರಿಗಳಲ್ಲಿ ಇದನ್ನು ಮೂರೂ ಕಂಪನಿಗಳು ಹೇಳದೆಯೇ ಮಾರಿದ್ದು 2020ರಲ್ಲಿ ಬಯಲಾಯಿತು. ಇದು ನನಗೆ ಸರಿಕಾಣದ ವ್ಯಾಪಾರ.

ಇದೇ ರಸ್ತೆಯಲ್ಲಿ 'ಡೇಟಾ ರಿಕವರಿ' ಎಂಬ ಬೋರ್ಡುಗಳೂ ಇವೆ. ಅಂಥ ಒಂದು ಕೌಂಟರಿನ ಮುಂದೆ ತಂದೆ, ಮಗಳು ನಿಂತಿದ್ದರು. ಡಿಸ್ಕಿನಲ್ಲಿ ಮಗಳ ಕೊನೆಯ ವರ್ಷದ ಪ್ರಾಜೆಕ್ಟು, ತೀರಿಕೊಂಡ ಅಜ್ಜಿಯ ಫೋಟೊಗಳು. ಹುಡುಗ ಒಮ್ಮೆ ವೈರು ಸಿಕ್ಕಿಸಿ ಕಿವಿಗೊಟ್ಟ. ಟಕ್... ಟಕ್... ಟಕ್. ಕೂಡಲೇ ಕಿತ್ತ.

"ಹೆಡ್ ಹೋಗಿದೆ ಸಾರ್. ಮನೆಗೆ ಹೋಗಿ ಮತ್ತೆ ಆನ್ ಮಾಡ್ಬೇಡಿ, ತಟ್ಟೆ ಕೆರೆದುಬಿಡುತ್ತೆ."

"ಎಷ್ಟಾಗುತ್ತಪ್ಪಾ?"

ಅವನು ಹೇಳಿದ ಮೊತ್ತದಲ್ಲಿ ಹೊಸ ಡಿಸ್ಕುಗಳು ಎರಡು ಬರುತ್ತಿದ್ದವು, ಅದೂ ಸಿಕ್ಕರೆ ಉಂಟು ಇಲ್ಲದಿದ್ದರೆ ಇಲ್ಲ ಎಂಬ ಷರತ್ತಿನ ಮೇಲೆ. ಹೆಡ್ಡಿಗೂ ತಟ್ಟೆಗೂ ನಡುವಿನ ಅಂತರ ಕೆಲವೇ ನ್ಯಾನೋಮೀಟರ್. ದೂಳಿಲ್ಲದ ಕೊಠಡಿಯಲ್ಲಿ ಮಾತ್ರ ಅದನ್ನು ಬಿಚ್ಚಲಾಗುವುದು. ತಂದೆ ಮಗಳ ಮುಖ ನೋಡಿದರು. "ಅಜ್ಜಿ ಫೋಟೊ ಬೇರೆಲ್ಲೂ ಇಲ್ವೇನೇ?" ಅವಳು ತಲೆಯಾಡಿಸಿದಳು. ಡಿಸ್ಕನ್ನು ಅಲ್ಲೇ ಬಿಟ್ಟು ಹೋದರು.

ಹಾಗಾಗಿ ಬಜೆಟ್ಟಿನಲ್ಲಿ ಒಂದು ದೊಡ್ಡ ಡಿಸ್ಕ್ ಬರುವುದಾದರೆ, ಅದರ ಬದಲು ಸಣ್ಣವು ಎರಡು ಕೊಂಡು ಎರಡರಲ್ಲೂ ಪ್ರತಿ ಇಡುವುದು ಲೇಸು. ಕಂಪನಿ ಯಾವುದಾದರೂ ಆಗಲಿ. ಬಿಲ್ಲಿನಲ್ಲಿ ಸೀರಿಯಲ್ ನಂಬರು ಬರೆಸಿಕೊಳ್ಳಿ, ಅದೇ ನಂಬರಿಗೆ ಎಷ್ಟು ವರ್ಷದ ವಾರಂಟಿ ಇದೆಯೆಂದು ಕಂಪನಿಯ ತಾಣದಲ್ಲಿ ನೋಡಿ. ಹೊಸತೆಂದು ಕೊಟ್ಟ ಡಿಸ್ಕನ್ನು ಅಂಗಡಿಯಲ್ಲೇ ಕಂಪ್ಯೂಟರಿಗೆ ಜೋಡಿಸಿ, ಅದು ಎಷ್ಟು ಗಂಟೆ ಓಡಿದೆಯೆಂದು ತೋರಿಸಲು ಹೇಳಿ; ಆ ಲೆಕ್ಕವನ್ನು ಡಿಸ್ಕೇ ಇಟ್ಟುಕೊಂಡಿರುತ್ತದೆ. ಸಾವಿರಗಟ್ಟಲೆ ಗಂಟೆ ಕಂಡರೆ ಪಕ್ಕದ ಅಂಗಡಿಗೆ ನಡೆಯಿರಿ. ಇದನ್ನು ಓದಿ ಇವತ್ತೇ ಹೊರಟೀರಿ, ಭಾನುವಾರ ಅಲ್ಲಿ ಹೆಚ್ಚಿನ ಅಂಗಡಿಗಳು ಬಾಗಿಲು ತೆರೆಯುವುದಿಲ್ಲ.