1973: ಒಂಟಿ ಎತ್ತಿನ ವರ್ಷ

ಕಳೆದ ವಾರ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿಯಲ್ಲಿ, "ಗುರುಗಳೆ, ನಿಮ್ಮ ಬಾಲ್ಯದ ಮರೆಯಲಾಗದ ವರ್ಷ ಯಾವುದು?" ಎಂದು ಕೇಳಿದ. 1973 ಎಂದೆ. "ನಮ್ಮ ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾದ ವರ್ಷ!" ಎಂದು ಅವನು ತಕ್ಷಣ ನುಡಿದ. ನಾನು ಕಲಿಸಿದ ಇತಿಹಾಸ ವ್ಯರ್ಥವಾಗಿಲ್ಲವೆಂದು ಸಂತೋಷವಾಯಿತು. ಆದರೆ ನನಗೆ ಮೊದಲು ನೆನಪಾದದ್ದು ನಮ್ಮ ಮನೆಯ ಎತ್ತು.

ಖಾನಾಪುರ ತಾಲೂಕೆಂದರೆ ದಟ್ಟ ಕಾಡು, ಜಡಿಮಳೆ, ಮಲಪ್ರಭೆ ಹುಟ್ಟುವ ಕಣಕುಂಬಿ ಎಂದು ಹೊರಗಿನವರು ಭಾವಿಸುತ್ತಾರೆ. ಪೂರ್ವಕ್ಕೆ ಬಂದಂತೆ ಕಾಡೂ ಮಳೆಯೂ ತೆಳುವಾಗುತ್ತವೆ. ನಮ್ಮ ಪಾರಿಶ್ವಾಡ ಆ ಕಡೆಯದು. 1972ರಲ್ಲಿ ಮಳೆ ಕೈಕೊಟ್ಟಿತು. ಪಕ್ಕದ ಮಹಾರಾಷ್ಟ್ರದಲ್ಲಿ ಅದಕ್ಕಿಂತ ಭೀಕರ ಬರ. 1973ರ ಬೇಸಿಗೆಯ ಹೊತ್ತಿಗೆ ನಾವು ನ್ಯಾಯಬೆಲೆ ಅಂಗಡಿಯ ಕೆಂಪು ಜೋಳದ ರೊಟ್ಟಿ ತಿನ್ನುತ್ತಿದ್ದೆವು. ಅದು ತಟ್ಟಿದರೆ ಹರಿಯುತ್ತಿತ್ತು, ನುಂಗಿದರೆ ಗಂಟಲು ಕೆರೆಯುತ್ತಿತ್ತು. ಮನುಷ್ಯರು ಹೇಗೋ ನುಂಗಿಯಾರು. ದನಗಳಿಗೆ ಕಣಿಕೆ ಎಲ್ಲಿಂದ ತರುವುದು? ಇಬ್ಬರಿಗೂ ಅರೆಹೊಟ್ಟೆ ಹಾಕುವುದಕ್ಕಿಂತ ಒಂದನ್ನಾದರೂ ಉಳಿಸಿಕೊಳ್ಳೋಣವೆಂದು ಅಪ್ಪ ಜೋಡಿಯಲ್ಲಿ ಒಂದನ್ನು ಬೈಲಹೊಂಗಲದ ಸಂತೆಗೆ ಹೊಡೆದುಕೊಂಡು ಹೋದರು. ಸಂಜೆ ಕೊರಳ ಗಂಟೆಯನ್ನು ಹಿಡಿದು ಮರಳಿದರು. ನಾನು ಎರಡು ದಿನ ಅವರೊಡನೆ ಮಾತಾಡಲಿಲ್ಲ.

ಒಂದೇ ಎತ್ತಿನಿಂದ ಉಳುಮೆಯಾಗದು. ಓಣಿಯ ಮರಾಠಿ ಮನೆಯ ಕಾಕಾ ಕೂಡ ಅದೇ ಬೇಸಿಗೆಯಲ್ಲಿ ಒಂದು ಎತ್ತನ್ನು ಮಾರಿದ್ದರು. ಮೃಗಶಿರ ಮಳೆ ಬೀಳುತ್ತಲೇ ಅವರ ಎತ್ತನ್ನೂ ನಮ್ಮದನ್ನೂ ಒಂದೇ ನೊಗಕ್ಕೆ ಹೂಡಿದರು. ಒಂದು ದಿನ ಅವರ ಹೊಲ, ಒಂದು ದಿನ ನಮ್ಮದು. ಅವರದು ಎತ್ತರ, ನಮ್ಮದು ಗಿಡ್ಡ. ನೊಗ ಸದಾ ಓರೆ. ನೋಡಿದವರು ನಗುತ್ತಿದ್ದರು.

ಇತ್ತ ಧಾರವಾಡ ಆಕಾಶವಾಣಿಯಲ್ಲಿ ಲೋಕದ ಸುದ್ದಿ ಬರುತ್ತಿತ್ತು. ಸೆಪ್ಟೆಂಬರಿನಲ್ಲಿ ಚಿಲಿಯ ಅಧ್ಯಕ್ಷ ಅಯೆಂಡೆಯವರನ್ನು ಸೈನ್ಯ ಉರುಳಿಸಿತು. ಆ ಉದ್ದನೆಯ ದೇಶವನ್ನು ನಾನು ಭೂಪಟದಲ್ಲಿ ಮೊದಲ ಬಾರಿ ಹುಡುಕಿದ್ದು ಆಗಲೇ. ಅದೇ ವರ್ಷ ಬಂಡೀಪುರ ಹುಲಿ ಯೋಜನೆಗೆ ಸೇರಿತು, 'ಗಂಧದ ಗುಡಿ' ತೆರೆಗೆ ಬಂದಿತು. ಆ ಸಾಲಿನ ಜ್ಞಾನಪೀಠ ನಮ್ಮ ಧಾರವಾಡದ ಬೇಂದ್ರೆಯವರಿಗೆ 'ನಾಕುತಂತಿ'ಗಾಗಿ ಸಂದಿತು. ವರ್ಷದ ಕೊನೆಗೆ ಸಚಿವ ಬಸವಲಿಂಗಪ್ಪನವರ 'ಬೂಸಾ' ಮಾತು ರಾಜ್ಯವನ್ನೇ ಕಲಕಿತು. ಇದರ ಮಹತ್ವ ನನಗೆ ತಿಳಿದದ್ದು ಎಷ್ಟೋ ವರ್ಷಗಳ ನಂತರ.

ನವೆಂಬರ್ 1ರಂದು, ದೇವರಾಜ ಅರಸರ ಸರ್ಕಾರದ ಕಾಲದಲ್ಲಿ, ಮೈಸೂರು ರಾಜ್ಯ ಕರ್ನಾಟಕವಾಯಿತು. ಶಾಲೆಯಲ್ಲಿ ಚುರಮರಿ ಹಂಚಿದರು. ನೋಟುಬುಕ್ಕಿನ ಮೇಲಿದ್ದ 'ಮೈಸೂರು ರಾಜ್ಯ'ವನ್ನು ಹೊಡೆದು ಹೊಸ ಹೆಸರು ಬರೆದೆವು. ಮನೆಗೆ ಓಡಿ ಬಂದು ಆಯಿಗೆ ಹೇಳಿದೆ. ಅವಳು ಮುಂಬಯಿ ಪ್ರಾಂತ್ಯದಲ್ಲಿ ಹುಟ್ಟಿ, 1956ರಲ್ಲಿ ಮೈಸೂರಿನವಳಾಗಿ, ಈಗ ಕರ್ನಾಟಕದವಳಾಗಿದ್ದಳು. ಮನೆ ಮಾತ್ರ ಬದಲಾಗಿರಲಿಲ್ಲ. "ಹೆಸರ ಏನರೆ ಇಡವಲ್ರ್ಯಾಕ, ಒಂದ ಎತ್ತ ಕೊಡ್ತಾರೇನ ಕೇಳಿ ಬಾ" ಎಂದಳು.

ಕಟ್ಟೆಯ ಮೇಲೆ ಕಾಕಾ ಕುಳಿತಿದ್ದರು. ಉತ್ಸಾಹದ ಭರದಲ್ಲಿ ನಾನು, "ಕಾಕಾ, ಇನ್ನ ನೀವು ಯಾವ ರಾಜ್ಯಕ್ಕ ಹೋಗ್ತೀರಿ?" ಎಂದುಬಿಟ್ಟೆ. ಇದು ಬರಿಯ ಹುಡುಗಾಟದ ಪ್ರಶ್ನೆಯಲ್ಲ. 1967ರ ಮಹಾಜನ ವರದಿ ಬೆಳಗಾವಿಯನ್ನು ನಮ್ಮಲ್ಲೇ ಇರಿಸಿ, ಖಾನಾಪುರ, ನಂದಗಡ, ನಿಪ್ಪಾಣಿಗಳನ್ನು ಮಹಾರಾಷ್ಟ್ರಕ್ಕೆ ಕೊಡಲು ಹೇಳಿತ್ತು. ಸಂಗೊಳ್ಳಿ ರಾಯಣ್ಣನನ್ನು ಗಲ್ಲಿಗೇರಿಸಿದ ನಂದಗಡವೂ ಆ ಪಟ್ಟಿಯಲ್ಲಿತ್ತು! ಮಹಾರಾಷ್ಟ್ರ ವರದಿಯನ್ನು ಒಪ್ಪದ ಕಾರಣ ಯಾವುದೂ ಜಾರಿಯಾಗಲಿಲ್ಲ. ಯಾರು ಎಲ್ಲಿಗೆ ಹೋಗಬೇಕೆಂಬುದು ಆಗ ಪ್ರತಿ ಕಟ್ಟೆಯ ಮಾತಾಗಿತ್ತು. ಆದರೆ ಒಂದೇ ನೊಗ ಹೊತ್ತ ಮನೆಯ ಹುಡುಗ ಹಿರಿಯರನ್ನು ಹಾಗೆ ಕೇಳಬಾರದಿತ್ತು.

ಕಾಕಾ ನನ್ನನ್ನು ಸ್ವಲ್ಪ ಹೊತ್ತು ನೋಡಿ, ಎದ್ದು ಒಳಗೆ ಹೋದರು. ಅಪ್ಪ ನನ್ನನ್ನು ಬೈಯಲಿಲ್ಲ, ಹೊಡೆಯಲೂ ಇಲ್ಲ. ರಾತ್ರಿ ಊಟಕ್ಕೆ ಕುಳಿತಾಗ, "ನಾಳೆ ಅವರ ಎತ್ತ ಬರಲಿಲ್ಲಂದ್ರ ಕಡಲಿ ಬಿತ್ತೂದ ಹೆಂಗ?" ಎಂದಷ್ಟೇ ಅಂದರು. ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಬೆಳಗಿನ ಜಾವ ಓಣಿಯಲ್ಲಿ ಗಂಟೆಯ ಸದ್ದು. ಕಾಕಾ ಎತ್ತನ್ನು ಹೊಡೆದುಕೊಂಡು ಬಂದು ನಮ್ಮ ಬಾಗಿಲಲ್ಲಿ ನಿಂತಿದ್ದರು. ನಾನು ತಲೆ ತಗ್ಗಿಸಿ ಹೊರಗೆ ಬಂದೆ. "ಸಾಳಿಗೆ ಹೊತ್ತಾಗತೈತಿ ಖರೆ, ಮೊದಲ ಕೂರಗಿ ಹೊರಗ ತಾ" ಎಂದರು. ತಂದುಕೊಟ್ಟೆ. ಕ್ಷಮೆ ಕೇಳುವ ಧೈರ್ಯ ಆ ದಿನ ಬರಲಿಲ್ಲ, ಮುಂದೆಯೂ ಬರಲಿಲ್ಲ.

ಮರುವರ್ಷ ಅಪ್ಪ ಸಾಲ ಮಾಡಿ ಇನ್ನೊಂದು ಎತ್ತು ತಂದರು. ಹಳೆಯ ಗಂಟೆಯನ್ನು ಅದರ ಕೊರಳಿಗೆ ಕಟ್ಟಿದರು. ಅದಾದ ಮೇಲೂ ನಮ್ಮ ಹಳೆಯ ಎತ್ತು ಹಗ್ಗ ಬಿಚ್ಚಿದ ಕೂಡಲೇ ಕಾಕಾನ ಹಟ್ಟಿಯ ಕಡೆಗೆ ನಡೆಯುತ್ತಿತ್ತು.